ಮೂಲೆಗೆ ಅಕ್ರಿಲಿಕ್ ಮೀನಿನ ತೊಟ್ಟಿ: ಮೊದಲು ಎತ್ತರ, ಆಮೇಲೆ ಆಕಾರ

ಪ್ರಶ್ನೆ: ನಾವು ಶಿವಮೊಗ್ಗದವರು. ಹಾಲ್‌ನ ಮೂಲೆಗೆ ಸರಿಯಾಗಿ ಕೂರುವ ಅಕ್ವೇರಿಯಂ ಒಂದನ್ನು ನಾನೇ ಮಾಡಬೇಕು ಅಂದುಕೊಂಡಿದ್ದೇನೆ. ಗೋಡೆ ಕಡೆಯ ಎರಡೂ ಬದಿ 3 ಅಡಿ, ಎತ್ತರ 2 ಅಡಿ, ಮುಂಭಾಗ ದುಂಡಗೆ, ಅಂದರೆ ಕಾಲು ವೃತ್ತದ ಆಕಾರ. ಗಾಜಿನವರು ಬಗ್ಗಿಸಲು ಆಗಲ್ಲ ಅಂದರು. ಬೋರ್ಡ್ ಮಾಡುವ ಅಂಗಡಿಯವರು 6 ಮಿ.ಮೀ. ಅಕ್ರಿಲಿಕ್ ಸಾಕು, ಲೇಸರ್‌ನಲ್ಲಿ ಕಟ್ ಮಾಡಿ ಕೊಡುತ್ತೇವೆ, ಕ್ಲೋರೋಫಾರ್ಮ್ ಹಾಕಿ ಅಂಟಿಸಿ, ಯಾವುದಕ್ಕೂ ಇರಲಿ ಅಂತ ಒಳಗೊಂದು ಸುತ್ತು ಸಿಲಿಕೋನ್ ಎಳೆದುಬಿಡಿ ಅಂದರು. ಗೆಳೆಯ ಹೀಟ್ ಗನ್ ಕೊಡುತ್ತೇನೆ, ನೀನೇ ಬಗ್ಗಿಸಿಕೋ ಅನ್ನುತ್ತಿದ್ದಾನೆ. ಇದೆಲ್ಲ ಮನೆಯಲ್ಲಿ ಆಗುವ ಕೆಲಸವಾ?

ಉತ್ತರ: ಆಗುವ ಕೆಲಸವೇ. ಆದರೆ ನೀವು ಬರೆದಿರುವ ಲೆಕ್ಕದಲ್ಲಿ ಅಲ್ಲ. 6 ಮಿ.ಮೀ., ಲೇಸರ್, ಸಿಲಿಕೋನ್, ಹೀಟ್ ಗನ್, ಈ ನಾಲ್ಕು ಸಲಹೆಗಳಲ್ಲಿ ಒಂದೂ ನಿಮ್ಮ ತೊಟ್ಟಿಗೆ ಹೊಂದುವುದಿಲ್ಲ. ಕ್ಲೋರೋಫಾರ್ಮ್ ಮಾತು ಅರ್ಧ ಸರಿ, ಅದಕ್ಕೆ ಆಮೇಲೆ ಬರುತ್ತೇನೆ. ಅಂಗಡಿಯವರನ್ನು ಬೈಯಬೇಕಾಗಿಲ್ಲ. ನೇಮ್ ಬೋರ್ಡ್‌ಗೆ, ಟ್ರೋಫಿಗೆ, ಪಾನ್ ಅಂಗಡಿಯ ಡಬ್ಬಿಗೆ ಅವರು ಹೇಳಿದ್ದೆಲ್ಲ ನಡೆಯುತ್ತದೆ. ಆ ಡಬ್ಬಿಗಳ ಒಳಗಿಂದ ಯಾರೂ ಹಗಲೂ ರಾತ್ರಿ ತಳ್ಳುತ್ತಿರುವುದಿಲ್ಲ, ಅಷ್ಟೇ.

ನೀವು ಆಕಾರದ ಬಗ್ಗೆ ಕೇಳಿದ್ದೀರಿ. ನಾನು ಮೊದಲು ಎತ್ತರದ ಬಗ್ಗೆ ಮಾತಾಡುತ್ತೇನೆ. ನೀರಿನ ಒತ್ತಡ ತೊಟ್ಟಿ ಎಷ್ಟು ಅಗಲ ಇದೆ, ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದನ್ನು ನೋಡುವುದಿಲ್ಲ, ನೀರು ಎಷ್ಟು ಎತ್ತರ ನಿಂತಿದೆ ಅನ್ನುವುದನ್ನು ಮಾತ್ರ ನೋಡುತ್ತದೆ. 75 ಸೆಂ.ಮೀ. ಅಗಲದ ಒಂದು ಗೋಡೆ ಅಂದುಕೊಳ್ಳಿ. 60 ಸೆಂ.ಮೀ. ನೀರು ನಿಂತರೆ ಆ ಒಂದೇ ಗೋಡೆಯ ಮೇಲೆ ಸುಮಾರು 135 ಕೆ.ಜಿ. ತೂಕದಷ್ಟು ತಳ್ಳು ಬೀಳುತ್ತದೆ. ಅದೇ ಗೋಡೆಗೆ 40 ಸೆಂ.ಮೀ. ನೀರು ನಿಲ್ಲಿಸಿ, ತಳ್ಳು ಸುಮಾರು 60 ಕೆ.ಜಿ.ಗೆ ಇಳಿಯುತ್ತದೆ. ಎತ್ತರ ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು, ತಳ್ಳು ಅರ್ಧಕ್ಕಿಂತ ಕೆಳಗೆ ಹೋಯಿತು. ತಳ್ಳು ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗೆ. ಈ ಲೆಕ್ಕ ಒಂದು ತಲೆಗೆ ಹೋದರೆ ಮಿಕ್ಕ ತೀರ್ಮಾನಗಳೆಲ್ಲ ಸುಲಭ.

ಇನ್ನು ಅಕ್ರಿಲಿಕ್‌ನ ಸ್ವಭಾವ. ತೂಕದಲ್ಲಿ ಅದು ಗಾಜಿನ ಅರ್ಧಕ್ಕಿಂತ ಕಡಿಮೆ, ಬೆಳಕು ಶೇ. 92ರಷ್ಟು ಬಿಡುತ್ತದೆ, ಬಿದ್ದರೆ ಗಾಜಿನಂತೆ ಚೂರು ಚೂರಾಗುವುದಿಲ್ಲ. ಎಲ್ಲ ಒಳ್ಳೆಯದೇ. ಆದರೆ ಅದು ಬಾಗುತ್ತದೆ. ಒಂದೇ ದಪ್ಪದ ಗಾಜು ಮತ್ತು ಅಕ್ರಿಲಿಕ್ ಪಕ್ಕಪಕ್ಕ ಇಟ್ಟು ಒಂದೇ ಭಾರ ಹಾಕಿದರೆ ಅಕ್ರಿಲಿಕ್ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಬಗ್ಗುತ್ತದೆ. ಇದಕ್ಕೆ ಮದ್ದು ದಪ್ಪ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಆದ್ದರಿಂದ 6 ಮಿ.ಮೀ. ಮತ್ತು 12 ಮಿ.ಮೀ. ನಡುವೆ ಇರುವುದು ಸ್ವಲ್ಪ ಸೇಫ್, ಇನ್ನೂ ಸ್ವಲ್ಪ ಸೇಫ್ ಅನ್ನುವ ವ್ಯತ್ಯಾಸ ಅಲ್ಲ. 6 ಮಿ.ಮೀ.ನಲ್ಲಿ 2 ಅಡಿ ನೀರು ನಿಲ್ಲಿಸಿದರೆ ನಿಮ್ಮ ಹಿಂಬದಿಯ ಚಪ್ಪಟೆ ಗೋಡೆಗಳು ಕಣ್ಣಿಗೆ ಕಾಣುವಷ್ಟು ಉಬ್ಬುತ್ತವೆ. ಉಬ್ಬಿದ ಗೋಡೆ ತಳದ ಜಾಯಿಂಟನ್ನು ಒಳಗಿಂದ ಹೊರಕ್ಕೆ ಸುಲಿಯಲು ನೋಡುತ್ತದೆ. ಮೊದಲ ದಿನ ಏನೂ ಆಗಲಿಕ್ಕಿಲ್ಲ. ತೊಂದರೆ ಇರುವುದೇ ಅಲ್ಲಿ, ಇಂಥ ಜಾಯಿಂಟು ತಿಂಗಳುಗಟ್ಟಲೆ ತಡೆದು ಒಂದು ದಿನ ಬಿಡುತ್ತದೆ.

ತಮಾಷೆ ಅಂದರೆ, ನೀವು ಹೆದರಿರುವ ದುಂಡನೆಯ ಮುಂಭಾಗ ಒತ್ತಡವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಪೈಪಿನ ಗೋಡೆಯ ಹಾಗೆ ಅದು ಎಳೆತವನ್ನು ಸುತ್ತ ಹಂಚಿಕೊಳ್ಳುತ್ತದೆ. ಕಷ್ಟ ಇರುವುದು ಅದನ್ನು ದುಂಡಗೆ ಮಾಡುವುದರಲ್ಲಿ.

ಅಕ್ರಿಲಿಕ್ ಶೀಟನ್ನು ಬಿಸಿ ಮಾಡದೆ ಸುಮ್ನೆ ಬಗ್ಗಿಸಿ ಕೂರಿಸಬೇಕಾದರೆ ತಯಾರಕರು ಒಂದು ಮಿತಿ ಹೇಳುತ್ತಾರೆ: ತ್ರಿಜ್ಯ ದಪ್ಪದ 330 ಪಟ್ಟಿಗಿಂತ ಕಡಿಮೆ ಇರಬಾರದು. 6 ಮಿ.ಮೀ. ಶೀಟಿಗೇ ಅದು 2 ಮೀಟರ್ ಹತ್ತಿರ ಬರುತ್ತದೆ, ನಿಮಗೆ ಬೇಕಾಗಿರುವುದು 90 ಸೆಂ.ಮೀ. ಅಂದರೆ ಕಾಯಿಸಲೇಬೇಕು. ಕಾಯಿಸುವುದೆಂದರೆ 4 ಅಡಿ 8 ಇಂಚು ಉದ್ದದ ಇಡೀ ಶೀಟು ಒಂದೇ ಸಮನೆ 160 ಡಿಗ್ರಿ ಆಸುಪಾಸಿಗೆ ಬರಬೇಕು, ಬಟ್ಟೆಯಂತೆ ಮೆತ್ತಗಾಗಬೇಕು, ಮೆತ್ತನೆಯ ಬಟ್ಟೆ ಹೊದಿಸಿದ ಅಚ್ಚಿನ ಮೇಲೆ ಮಲಗಿ ನಿಧಾನಕ್ಕೆ ಆರಬೇಕು. ಅಷ್ಟು ದೊಡ್ಡ ಓವನ್ ಮನೆಯಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಹೀಟ್ ಗನ್ ಒಂದು ಅಂಗೈ ಅಗಲ ಕಾಯಿಸುವಷ್ಟರಲ್ಲಿ ಪಕ್ಕದ ಅಂಗೈ ಅಗಲ ತಣ್ಣಗಾಗಿರುತ್ತದೆ. ಕಾದದ್ದು ಜಾಸ್ತಿಯಾದ ಕಡೆ ಒಳಗೆ ಗುಳ್ಳೆ ಏಳುತ್ತದೆ, ಕಡಿಮೆಯಾದ ಕಡೆ ಒಳಗೊಳಗೇ ಎಳೆತ ಉಳಿಯುತ್ತದೆ. ಮೇಲುನೋಟಕ್ಕೆ ಬಗ್ಗಿದ ಹಾಗೆ ಕಂಡರೂ ಅಂಟು ಹಾಕಿದ ದಿನ ಅಲ್ಲೆಲ್ಲ ಕೂದಲೆಳೆಯಂಥ ಬಿರುಕು ಬರುತ್ತವೆ. ಗೆಳೆಯನ ಹೀಟ್ ಗನ್ ಪೇಂಟ್ ಕೀಳುವುದಕ್ಕೆ ಚೆನ್ನಾಗಿದೆ, ಅವರಿಗೇ ವಾಪಸ್ ಕೊಡಿ.

ಹಾಗಾದರೆ ಏನು ಮಾಡುವುದು? ನಾನಾದರೆ ಆಕಾರವನ್ನು ಸ್ವಲ್ಪ ಬದಲಿಸುತ್ತೇನೆ. ಕಾಲು ವೃತ್ತದ ಬದಲು ಐದು ಬದಿಯ ಮೂಲೆ ತೊಟ್ಟಿ. ಗೋಡೆಗೆ ಆನುವ ಎರಡು ಬದಿ 75 ಸೆಂ.ಮೀ., ಅವುಗಳ ತುದಿಯಿಂದ ಮುಂದಕ್ಕೆ ಬರುವ ಎರಡು ಚಿಕ್ಕ ಬದಿ 30 ಸೆಂ.ಮೀ., ಆ ಎರಡನ್ನೂ ಸೇರಿಸುವ ಓರೆ ಮುಂಭಾಗ ಸುಮಾರು 64 ಸೆಂ.ಮೀ. ತೊಟ್ಟಿಯ ಎತ್ತರ 44, ನೀರು 40 ಸೆಂ.ಮೀ. ಗೋಡೆಗಳ ದಪ್ಪ ಕಳೆದರೂ ಸುಮಾರು 170 ಲೀಟರ್ ಸಿಗುತ್ತದೆ. ನಿಮ್ಮ ಮೊದಲಿನ ಲೆಕ್ಕ 400 ಲೀಟರ್ ಹತ್ತಿರ ಇತ್ತು, ನಿಜ. ಆದರೆ ಮೊದಲ ಸಲ ಮಾಡುವವರಿಗೆ 170 ಲೀಟರ್ ಏನು ಕಮ್ಮಿ ಅಲ್ಲ, ಮೀನಿಗೆ ಬೇಕಾಗುವುದೂ ಎತ್ತರಕ್ಕಿಂತ ಈಜಾಡುವ ಅಗಲವೇ.

ಇಲ್ಲಿ ಮುಖ್ಯ ಉಪಾಯ ಏನೆಂದರೆ ಮುಂದಿನ ಮೂರು ಬದಿಗಳನ್ನು, ಅಂದರೆ 30, 64, 30 ಸೆಂ.ಮೀ., ಒಂದೇ ಪಟ್ಟಿಯಾಗಿ ಕತ್ತರಿಸಿ ಎರಡು ಕಡೆ ಮಡಿಸುವುದು. ಆಗ ಕಣ್ಣೆದುರಿನ ಮೂಲೆಗಳಲ್ಲಿ ಜಾಯಿಂಟೇ ಇರುವುದಿಲ್ಲ. ಒಂದು ನೇರ ಗೆರೆಯನ್ನು ಮಾತ್ರ ಕಾಯಿಸಿ ಮಡಿಸುವುದು ಇಡೀ ಶೀಟನ್ನು ದುಂಡಗೆ ಮಾಡುವುದಕ್ಕಿಂತ ತುಂಬ ಸುಲಭ. ಬಿಸಿ ತಂತಿಯ ಬೆಂಡಿಂಗ್ ಮಷಿನ್ ಅಕ್ರಿಲಿಕ್ ಕೆಲಸ ಮಾಡುವವರಲ್ಲಿ ಇರುತ್ತದೆ. ದಪ್ಪ ಶೀಟಿಗೆ ಎರಡೂ ಕಡೆಯಿಂದ ಕಾಯಿಸಬೇಕು, ಇಲ್ಲವೇ ತಿರುಗಿಸಿ ತಿರುಗಿಸಿ ಕಾಯಿಸಬೇಕು. ಈ ಒಂದು ಕೆಲಸವನ್ನು ಹೊರಗೆ ಕೊಟ್ಟು ಮಾಡಿಸಿ. ಮನೆಯಲ್ಲಿ ನಿಕ್ರೋಮ್ ತಂತಿಗೆ, ಅಂದರೆ ಹೀಟರಿನಲ್ಲಿರುವಂಥ ತಂತಿಗೆ, ಕರೆಂಟ್ ಕೊಟ್ಟು ಮಾಡುವವರಿದ್ದಾರೆ, ನಾನು ಯಾರಿಗೂ ಹೇಳುವುದಿಲ್ಲ. ಮಡಿಕೆಯ ಒಳ ತ್ರಿಜ್ಯ ಶೀಟಿನ ದಪ್ಪದ ಎರಡು ಪಟ್ಟಾದರೂ ಇರಲಿ ಎಂದು ಮೊದಲೇ ತಿಳಿಸಿ. ಚೂಪಾಗಿ ಮಡಿಸಿದರೆ ಚೆಂದ ಕಾಣುತ್ತದೆ, ಆದರೆ ಎಳೆತವೆಲ್ಲ ಆ ಒಂದು ಗೆರೆಗೇ ಸೇರುತ್ತದೆ.

ಮಡಿಸಿದ ಮೇಲೆ ಅದನ್ನು ಅನೀಲ್ ಮಾಡಿಸುವುದನ್ನು ಮರೆಯಬೇಡಿ. ಅಂದರೆ ಓವನ್‌ನಲ್ಲಿ ಸುಮಾರು 80 ಡಿಗ್ರಿಯಲ್ಲಿ ಹಲವು ಗಂಟೆ ಇಟ್ಟು, ಓವನ್ ಒಳಗೇ ನಿಧಾನಕ್ಕೆ ಆರಲು ಬಿಡುವುದು. ಸಾಮಾನ್ಯ ಲೆಕ್ಕ: ದಪ್ಪವನ್ನು ಮಿ.ಮೀ.ನಲ್ಲಿ 3ರಿಂದ ಭಾಗಿಸಿದರೆ ಎಷ್ಟೋ ಅಷ್ಟು ಗಂಟೆ, 12 ಮಿ.ಮೀ.ಗೆ 4 ಗಂಟೆ. ಮಡಿಕೆಯಲ್ಲಿ ಸಿಕ್ಕಿಕೊಂಡಿರುವ ಎಳೆತ ಇದರಿಂದ ಬಿಡುಗಡೆಯಾಗುತ್ತದೆ. ಇದನ್ನು ಬಿಟ್ಟವರಿಗೆ ಏನಾಗುತ್ತದೆ ಅಂದರೆ, ಮಡಿಕೆ ತಳಕ್ಕೆ ಸೇರುವ ಜಾಗದಲ್ಲಿ ಅಂಟು ತಾಗಿದ ಕೆಲವೇ ನಿಮಿಷಗಳಲ್ಲಿ ಸಣ್ಣ ಸಣ್ಣ ಬಿರುಕುಗಳ ಗೊಂಚಲು ಏಳುತ್ತದೆ. ಅದು ಅಳಿಸಿದರೆ ಹೋಗುವ ಗೀರಲ್ಲ, ಒಳಗಿನದು. ಓವನ್ ಇರುವ ಅಂಗಡಿ ಸಿಗದೇ ಹೋದರೆ ಮಡಿಸುವ ಯೋಚನೆಯನ್ನೇ ಬಿಡಿ. ಆಗ ಐದು ಬದಿಯ ಅದೇ ಅಳತೆಯನ್ನು ಗಾಜಿನಲ್ಲಿ, ಸಿಲಿಕೋನ್ ಹಾಕಿ ಮಾಡಿಸಿ. ಮಡಿಕೆಯೂ ಇಲ್ಲ, ದುಂಡೂ ಇಲ್ಲ ಅಂದಮೇಲೆ ಅಕ್ರಿಲಿಕ್‌ಗೆ ಅಷ್ಟು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗಾಜಿಗೆ ಗೀರು ಬೀಳುವುದೂ ಕಡಿಮೆ.

ಶೀಟು ಕೊಳ್ಳುವ ವಿಷಯ. 12 ಮಿ.ಮೀ. ತೆಗೆದುಕೊಳ್ಳಿ. ಈ ಎತ್ತರಕ್ಕೆ 10 ಕೂಡ ನಡೆಯುತ್ತದೆ, ಆದರೆ ಜಾಯಿಂಟಿನ ಅಗಲ ಅಂದರೆ ಶೀಟಿನ ದಪ್ಪವೇ ಅಲ್ವಾ, ಮೊದಲ ಸಲ ಮಾಡುವ ಕೈಗೆ ಆ ಹೆಚ್ಚುವರಿ 2 ಮಿ.ಮೀ. ತುಂಬ ಕ್ಷಮಿಸುತ್ತದೆ. 8 ಅಡಿ 4 ಅಡಿಯ ಒಂದೇ ಶೀಟಿನಲ್ಲಿ ಎಲ್ಲ ಕೂರುತ್ತದೆ. 45 ಸೆಂ.ಮೀ.ನ ಒಂದು ಉದ್ದ ಪಟ್ಟಿಯಲ್ಲಿ ಮಡಿಸುವ ತುಂಡು ಮತ್ತು ಒಂದು ಹಿಂಬದಿ, ಉಳಿದ ಪಟ್ಟಿಯಲ್ಲಿ ತಳ, ಮೇಲಿನ ಚೌಕಟ್ಟು ಮತ್ತು ಇನ್ನೊಂದು ಹಿಂಬದಿ. ಇಡೀ ಶೀಟು 42 ಕೆ.ಜಿ. ಹತ್ತಿರ ತೂಗುತ್ತದೆ. ಬೆಂಗಳೂರಿನಿಂದ ತರಿಸುವುದಾದರೆ ಅಲ್ಲೇ ಕತ್ತರಿಸಿ ತರಿಸುವುದು ಜಾಣತನ, ಬಸ್ಸಿನ ಟಾಪಿನಲ್ಲಿ ಇಡೀ ಶೀಟು ಬಂದರೆ ಮೂಲೆ ಉಳಿಯುವುದಿಲ್ಲ.

'ಕಾಸ್ಟ್', ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಶೀಟೇ ಬೇಕು ಎಂದು ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲೂ ಬರೆಸಿ. 'ಎಕ್ಸ್‌ಟ್ರೂಡೆಡ್' ಶೀಟು, ಅಂದರೆ ಮಷಿನ್ನಿನಿಂದ ಒತ್ತಿ ತೆಗೆದದ್ದು, ಅಗ್ಗ, ದಪ್ಪವೂ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಆದರೆ ಅಂಟಿನ ದ್ರಾವಕ ತಾಗಿದರೆ ಬೇಗ ಬಿರುಕು ಬಿಡುತ್ತದೆ, ಕತ್ತರಿಸುವಾಗ ಕರಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಕಾಸ್ಟ್ ಶೀಟಿನ ಒಂದು ದೋಷ, ಅದರ ದಪ್ಪ ಅಲ್ಲಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. 12 ಅಂದದ್ದು ಒಂದು ಕಡೆ 11.5, ಇನ್ನೊಂದು ಕಡೆ 12.4 ಇರಬಹುದು. ಕೊಳ್ಳುವಾಗ ವರ್ನಿಯರ್ ತೆಗೆದುಕೊಂಡು ಹೋಗಿ ನಾಲ್ಕು ಮೂಲೆ ಅಳೆಯಿರಿ. ರೀಸೈಕಲ್ ಮಾಲೂ ಓಡಾಡುತ್ತಿದೆ, ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಹಳದಿ ಕಂಡರೆ ಬೇಡ ಅನ್ನಿ.

ಈಗ ಅಂಚಿನ ವಿಷಯ. ಹೇಳಬೇಕಾದ್ದು ಜಾಸ್ತಿ ಇರುವುದು ಇಲ್ಲೇ.

ಅಕ್ರಿಲಿಕ್‌ಗೆ ಹಾಕುವುದು ಫೆವಿಕಾಲ್‌ನಂಥ ಅಂಟು ಅಲ್ಲ. ಅದು ಎರಡೂ ಅಂಚನ್ನು ಕರಗಿಸುತ್ತದೆ, ಕರಗಿದ ಎರಡು ಮೈ ಒಂದರೊಳಗೊಂದು ಸೇರಿಕೊಳ್ಳುತ್ತವೆ, ದ್ರಾವಕ ಆವಿಯಾಗಿ ಹೋಗುತ್ತದೆ. ಸರಿಯಾಗಿ ಆದ ಜಾಯಿಂಟ್ ನೋಡಿದರೆ ಅಲ್ಲಿ ಎರಡು ತುಂಡಿತ್ತು ಅಂತ ಗೊತ್ತೇ ಆಗುವುದಿಲ್ಲ. ಆದರೆ ನೀರಿನಂಥ ಈ ದ್ರಾವಕ ಸಂದು ತುಂಬುವುದಿಲ್ಲ. ಅಂಚು ಸಮತಟ್ಟಾಗಿಲ್ಲದಿದ್ದರೆ ಎಷ್ಟು ಸುರಿದರೂ ಅಲ್ಲಿ ಗಾಳಿಯೇ. ಆದ್ದರಿಂದ ನಿಮ್ಮ ತೊಟ್ಟಿ ನಿಲ್ಲುತ್ತದೋ ಸೋರುತ್ತದೋ ಅನ್ನುವುದು ಅಂಟಿನ ಬಾಟಲಿ ತೆರೆಯುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಲೇಸರ್ ಬೇಡ ಅಂದದ್ದು ಇದಕ್ಕೇ. ಲೇಸರ್ ಕಟ್ ಕನ್ನಡಿಯಂತೆ ಹೊಳೆಯುತ್ತದೆ, ನೋಡಿದರೆ ಇದಕ್ಕಿಂತ ಒಳ್ಳೆಯ ಅಂಚು ಇಲ್ಲ ಅನ್ನಿಸುತ್ತದೆ. ಆ ಹೊಳಪು ಬಂದಿರುವುದು ಅಂಚು ಕರಗಿ ಫಕ್ಕನೆ ಆರಿದ್ದರಿಂದ, ಅದರೊಳಗೆ ಎಳೆತ ಸಿಕ್ಕಿಕೊಂಡಿರುತ್ತದೆ. ದ್ರಾವಕ ತಾಗಿದ ಕೂಡಲೇ ಅಂಚಿನುದ್ದಕ್ಕೂ ಬಿರುಕು. ಸಾಲದ್ದಕ್ಕೆ 12 ಮಿ.ಮೀ.ನಂಥ ದಪ್ಪದಲ್ಲಿ ಲೇಸರ್ ಕಟ್ ಪೂರ್ತಿ ನೆಟ್ಟಗಿರುವುದಿಲ್ಲ, ಸ್ವಲ್ಪ ಓರೆ ಬರುತ್ತದೆ. ಬೆಂಕಿ ತಾಗಿಸಿ ಪಾಲಿಶ್ ಮಾಡಿದ ಅಂಚಿಗೂ ಇದೇ ಕತೆ. ನಿಮಗೆ ಬೇಕಾಗಿರುವುದು ಸಿಎನ್‌ಸಿ ರೂಟರ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ, ತಿರುಗುವ ಬ್ಲೇಡಿನ ಮಷಿನ್ನಿನಲ್ಲಿ, ಕತ್ತರಿಸಿದ್ದು. ಹಾಲಿನಂತೆ ಸ್ವಲ್ಪ ಮಬ್ಬಾಗಿರುತ್ತದೆ, ಪರವಾಗಿಲ್ಲ, ಕರಗಿದಾಗ ಆ ಮಬ್ಬು ಹೋಗುತ್ತದೆ.

ಕತ್ತರಿಸಿದ ಮೇಲೆ ಅಂಚಿನಲ್ಲಿ ಸಣ್ಣ ಮುಳ್ಳು ಎದ್ದಿರುತ್ತದೆ. ಹ್ಯಾಕ್ಸಾ ಬ್ಲೇಡಿನ ಬೆನ್ನಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಕೈಯಲ್ಲಿ ಮರಳು ಕಾಗದ ಹಿಡಿದು ಅಂಚು ತಿಕ್ಕಬೇಡಿ. ಎಷ್ಟು ಹುಷಾರಾಗಿ ತಿಕ್ಕಿದರೂ ಅಂಚಿನ ಎರಡೂ ಕೊನೆ ದುಂಡಗಾಗುತ್ತದೆ, ದುಂಡಗಾದ ಕಡೆ ಜಾಯಿಂಟ್ ಹಿಡಿಯುವುದಿಲ್ಲ. ಮಡಿಸಿದ ತುಂಡಿನಲ್ಲಿ ಇನ್ನೊಂದು ತೊಡಕಿದೆ. ಮಡಿಕೆಯ ಜಾಗದಲ್ಲಿ ಅಂಚು ಸ್ವಲ್ಪ ಹೊರಕ್ಕೆ ಚಾಚಿಕೊಳ್ಳುತ್ತದೆ. ಆದ್ದರಿಂದಲೇ 44 ಸೆಂ.ಮೀ. ತೊಟ್ಟಿಗೆ 45ರ ಪಟ್ಟಿ ಕತ್ತರಿಸುವುದು. ಮೂರೂ ಗೋಡೆ ತುಂಡುಗಳನ್ನು ಸೇರಿಸಿ ಬಳೆಯಂತೆ ಆದ ಮೇಲೆ, ಗ್ರಾನೈಟ್ ಅಂಗಡಿಯಿಂದ ತಂದ ಒಂದು ಸಮತಟ್ಟಾದ ಚಪ್ಪಡಿಗೆ ಮರಳು ಕಾಗದ ಅಂಟಿಸಿ, ಅದರ ಮೇಲೆ ಇಡೀ ಬಳೆಯನ್ನು ಕೂರಿಸಿ ಇಬ್ಬರು ಹಿಡಿದು ಹಿಂದೆ ಮುಂದೆ ಜರುಗಿಸಿ. ಚಪ್ಪಡಿಯೇ ಸಮ ಮಾಡುತ್ತದೆ, ಕೈ ಅಲ್ಲ. ರೂಟರ್ ಇದ್ದವರಿಗೆ ಇನ್ನೂ ಸುಲಭ. ಆಮೇಲೆ ಬಳೆಯನ್ನು ತಳದ ಶೀಟಿನ ಮೇಲೆ ಒಣದಾಗಿ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ, ತೆಳ್ಳನೆಯ ಕಾಗದವೊಂದನ್ನು ಸಂದಿಗೆ ತೂರಿಸಿ ನೋಡಿ. ಕಾಗದ ಎಲ್ಲೂ ಒಳಗೆ ಹೋಗಬಾರದು. ಹೋದರೆ ಮತ್ತೆ ಚಪ್ಪಡಿಗೆ. ಈ ಕೆಲಸ ಬೇಜಾರು, ಗೊತ್ತು.

ಕ್ಲೋರೋಫಾರ್ಮ್ ಮಾತಿಗೆ ಬರೋಣ. ನಮ್ಮ ಕಡೆ ಅಕ್ರಿಲಿಕ್ ಕೆಲಸದವರು ಬಳಸುವುದು ಅದನ್ನೇ, ಇಲ್ಲವೇ ಎಂಡಿಸಿ ಅನ್ನುವ ಮಿಥಿಲೀನ್ ಕ್ಲೋರೈಡ್. ವೆಲ್ಡ್-ಆನ್ ಹೆಸರಿನ ಅಕ್ರಿಲಿಕ್ ಅಂಟಿನ ಬಾಟಲಿಗಳೂ ಸಿಗುತ್ತವೆ, ಅದರಲ್ಲಿ 4ನೇ ನಂಬರಿನದು ನೀರಿನಂತೆ ತೆಳು, 16ನೇ ನಂಬರಿನದು ಜೇನಿನಂತೆ ಗಟ್ಟಿ. ಅಂಟುವ ಮಟ್ಟಿಗೆ ಕ್ಲೋರೋಫಾರ್ಮ್ ಅಂಟುತ್ತದೆ, ಸುಳ್ಳಲ್ಲ. ಅಂಗಡಿಯವರು ಹೇಳದೇ ಬಿಟ್ಟದ್ದು ನಿಮ್ಮ ಮೈಯ ವಿಷಯ. ಕ್ಲೋರೋಫಾರ್ಮ್ ಲಿವರ್‌ಗೆ ಏಟು ಕೊಡುತ್ತದೆ. ಮಿಥಿಲೀನ್ ಕ್ಲೋರೈಡ್ ಮೈಯೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ ಮುಚ್ಚಿದ ಬಚ್ಚಲುಮನೆಯಲ್ಲಿ ಇದನ್ನು ಬಳಸಿ ಟಬ್ಬಿನ ಬಣ್ಣ ಕೀಳುತ್ತಿದ್ದವರು ಸತ್ತಿದ್ದಾರೆ, 2024ರಲ್ಲಿ ಅಲ್ಲಿ ಇದರ ಹೆಚ್ಚಿನ ಬಳಕೆಗಳನ್ನೆಲ್ಲ ನಿಷೇಧಿಸಿದರು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಸಿಹಿ ವಾಸನೆ ಮೂಗಿಗೆ ಬಂತು ಅಂದರೆ ಆಗಲೇ ಜಾಸ್ತಿಯಾಗಿದೆ ಎಂದು ತಿಳಿಯಿರಿ. ಮೆಡಿಕಲ್ ಶಾಪಿನ ರಬ್ಬರ್ ಗ್ಲೌಸ್ ಇದಕ್ಕೆ ತಡೆಯಲ್ಲ, ಬಟ್ಟೆ ಮಾಸ್ಕ್ ಅಂತೂ ಲೆಕ್ಕಕ್ಕಿಲ್ಲ. ಆದ್ದರಿಂದ ಕೆಲಸ ಹೊರಗೆ, ಗಾಳಿಯಾಡುವ ನೆರಳಿನಲ್ಲಿ. ಟೆರೇಸ್ ಮೇಲೆ ಶೀಟ್ ಚಾವಣಿಯ ಕೆಳಗೆ ಆಗಬಹುದು. ಹಾಲ್‌ನಲ್ಲಿ ಫ್ಯಾನ್ ಹಾಕಿಕೊಂಡು ಮಾಡುವುದು ಬೇಡ. ಮಕ್ಕಳು, ನಾಯಿ ಯಾರೂ ಹತ್ತಿರ ಬರಬಾರದು, ಸ್ಟೌ ಹಚ್ಚಿದ ಜಾಗ ಬೇಡವೇ ಬೇಡ.

ಶಿವಮೊಗ್ಗ ಅಂದಿರಿ, ಆದ್ದರಿಂದ ಇದನ್ನೂ ಹೇಳಬೇಕು: ಮಳೆಗಾಲದಲ್ಲಿ ಮಾಡಬೇಡಿ. ಮಿಥಿಲೀನ್ ಕ್ಲೋರೈಡ್ 40 ಡಿಗ್ರಿಗೇ ಕುದಿಯುವಂಥದ್ದು. ಅಷ್ಟು ಬೇಗ ಆವಿಯಾಗುವಾಗ ಜಾಯಿಂಟಿನ ಜಾಗ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ, ಜಾಯಿಂಟು ಬೆಳ್ಳಗೆ ಮಂಕಾಗುತ್ತದೆ. ನೋಡಲು ಮಾತ್ರ ಕೆಟ್ಟದ್ದಲ್ಲ, ಗಟ್ಟಿಯೂ ಕಡಿಮೆ. ಆಷಾಢ ಶ್ರಾವಣದಲ್ಲಿ ಅಂಚು ಸಮ ಮಾಡಿಟ್ಟುಕೊಳ್ಳಿ, ದೀಪಾವಳಿ ಕಳೆದು ಒಣ ಹವೆ ಬಂದ ಮೇಲೆ ಅಂಟಿಸಿ.

ಅಂಟಿಸುವ ವಿಧಾನ ಹೇಳುತ್ತೇನೆ. ಜಾಯಿಂಟ್ ಯಾವಾಗಲೂ ಮಲಗಿರಬೇಕು, ನಿಂತಿರಬಾರದು. ಒಂದು ತುಂಡು ಮೇಜಿನ ಮೇಲೆ ಚಪ್ಪಟೆ, ಇನ್ನೊಂದು ಅದರ ಮೇಲೆ ನೆಟ್ಟಗೆ, ಬಡಗಿಗಳ ಮೂಲೆಮಟ್ಟ ಹಿಡಿದು ನೋಡಿ ಮರದ ತುಂಡುಗಳಿಂದ ಆನಿಕೆ ಕೊಟ್ಟಿರಬೇಕು. ಶೀಟಿನ ಮೇಲಿನ ರಕ್ಷಣೆಯ ಕಾಗದವನ್ನು ಅಂಚಿನಿಂದ ಎರಡು ಬೆರಳಷ್ಟು ಮಾತ್ರ ಬಿಚ್ಚಿ. ನಿಂತಿರುವ ತುಂಡಿನ ಕೆಳಗೆ ಸುಮಾರು 10 ಸೆಂ.ಮೀ.ಗೊಂದರಂತೆ ತೆಳು ಉಕ್ಕಿನ ತಂತಿ ತೂರಿಸಿ. ಗಿಟಾರಿನ ಅತಿ ತೆಳು ತಂತಿ 0.25 ಮಿ.ಮೀ. ಇರುತ್ತದೆ, ಒಂದು ತಂತಿಯನ್ನೇ ತುಂಡು ತುಂಡು ಮಾಡಿದರೆ ಸಾಕು. ಈಗ ಸೂಜಿ ಬಾಟಲಿಯಲ್ಲಿ ದ್ರಾವಕ ತುಂಬಿ ಸಂದಿನುದ್ದಕ್ಕೂ ಎಳೆಯುತ್ತಾ ಹೋಗಿ, ಅದು ತಾನಾಗಿಯೇ ಒಳಕ್ಕೆ ಓಡುತ್ತದೆ. ಇಂಜೆಕ್ಷನ್ ಸಿರಿಂಜೂ ಆದೀತು, ಆದರೆ ಅದರ ರಬ್ಬರ್ ಬೇಗ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ, ಎರಡು ಮೂರು ಪಕ್ಕದಲ್ಲಿರಲಿ. ಇಡೀ ಉದ್ದ ತುಂಬಿದ ಮೇಲೆ ನಲವತ್ತರಿಂದ ಅರವತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಅಂಚು ಮೆತ್ತಗಾಗಬೇಕು. ಆಮೇಲೆ ಒಂದು ತುದಿಯಿಂದ ತಂತಿಗಳನ್ನು ಒಂದೊಂದಾಗಿ ಎಳೆಯಿರಿ. ಮೇಲಿನ ತುಂಡು ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ, ಎರಡೂ ಬದಿ ಸಣ್ಣ ಗೆರೆಯಂತೆ ಕರಗಿದ ಅಕ್ರಿಲಿಕ್ ಉಕ್ಕುತ್ತದೆ. ಆ ಗೆರೆ ಕಂಡರೆ ಜಾಯಿಂಟ್ ಆಯಿತು ಅಂತ ಅರ್ಥ. ಅದನ್ನು ಒರೆಸಬೇಡಿ.

ಈ ಹೊತ್ತಿನಲ್ಲಿ ಎಲ್ಲರಿಗೂ ಒತ್ತಬೇಕು ಅನ್ನಿಸುತ್ತದೆ. ಒತ್ತಬೇಡಿ. ಒತ್ತಿದರೆ ಕರಗಿದ್ದೆಲ್ಲ ಹೊರಗೆ ಬಂದು ಒಳಗೆ ಒಣ ಜಾಯಿಂಟ್ ಉಳಿಯುತ್ತದೆ. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಒಂದೆರಡು ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಗುಳ್ಳೆಗಳು ಸಾಲಾಗಿ ಒಳಗಿನಿಂದ ಹೊರಗಿನವರೆಗೆ ದಾರಿ ಮಾಡಿದ್ದರೆ ಮಾತ್ರ ಅದು ಸೋರುವ ಜಾಗ. ಒಂದು ಜಾಯಿಂಟ್ ಆದ ಮೇಲೆ ಇನ್ನೊಂದಕ್ಕೆ ಹೋಗುವ ಮೊದಲು ಒಂದು ದಿನ ಬಿಡಿ. ಮೊದಲು ಉಳಿದ ತುಂಡುಗಳಲ್ಲಿ ನಾಲ್ಕಾರು ಜಾಯಿಂಟ್ ಮಾಡಿ, ಮಾರನೆಯ ದಿನ ಸುತ್ತಿಗೆಯಿಂದ ಒಡೆದು ನೋಡಿ. ಜಾಯಿಂಟ್ ಬಿಟ್ಟು ಬೇರೆ ಕಡೆ ಒಡೆದರೆ ಕೈ ಕುದುರಿದೆ ಅಂತ.

ತಳದ ಶೀಟನ್ನು ಸುತ್ತಲೂ 3 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಅಂಟಿದ ಮೇಲೆ ರೂಟರ್‌ನಲ್ಲಿ ಸಮ ಮಾಡಿಸಿ. ಮೇಲಿನ ಚೌಕಟ್ಟು ಅಲಂಕಾರಕ್ಕೆ ಅಂದುಕೊಳ್ಳಬೇಡಿ, ಗೋಡೆಗಳು ಉಬ್ಬದಂತೆ ಹಿಡಿಯುವುದೇ ಅದು. ಐದು ಪಟ್ಟಿ ಜೋಡಿಸಿ ಮಾಡುವುದಲ್ಲ, ಒಂದೇ ಶೀಟಿನ ನಡುವೆ ತೂತು ತೆಗೆದು ಸುತ್ತಲೂ 8 ಸೆಂ.ಮೀ. ಅಂಚು ಉಳಿಸುವುದು. ಆ ತೂತಿನ ಮೂಲೆಗಳು ದುಂಡಗಿರಲಿ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಸಿಲಿಕೋನ್ ಬಗ್ಗೆ ಒಂದೇ ಮಾತು. ಅದು ಗಾಜಿಗೆ ಹಿಡಿಯುವ ಹಾಗೆ ಅಕ್ರಿಲಿಕ್‌ಗೆ ಹಿಡಿಯುವುದಿಲ್ಲ. ಮೊದಲು ಅಂಟಿದ ಹಾಗೆ ಕಾಣುತ್ತದೆ, ಆಮೇಲೆ ಉಗುರಿನಲ್ಲಿ ಎಳೆದರೆ ಪಟ್ಟಿಯಾಗಿ ಬರುತ್ತದೆ. ಮೇಲಾಗಿ ಸಿಲಿಕೋನ್ ಒಮ್ಮೆ ತಾಗಿದ ಜಾಗಕ್ಕೆ ಆಮೇಲೆ ಸರಿಯಾದ ಅಂಟು ಹಾಕಲೂ ಆಗುವುದಿಲ್ಲ.

ಅಂಟಿಸಿ ಮುಗಿದ ಮೇಲೆ ಎರಡು ವಾರ ಹಾಗೇ ಬಿಡಿ. ಮರುದಿನವೇ ಗಟ್ಟಿ ಅನ್ನಿಸುತ್ತದೆ, ಆದರೆ ಒಳಗಿನ ದ್ರಾವಕ ಪೂರ್ತಿ ಹೊರಗೆ ಹೋಗಲು ಹೊತ್ತು ಬೇಕು. ಈ ಅವಧಿಯಲ್ಲಿ ಮನೆಯವರು ಯಾರಾದರೂ ಪ್ರೀತಿಯಿಂದ ಕಿಟಕಿ ಗಾಜು ಒರೆಸುವ ಸ್ಪ್ರೇ ಹಾಕಿ ಉಜ್ಜುವ ಸಾಧ್ಯತೆ ಇದೆ, ತಡೆಯಿರಿ. ಅಮೋನಿಯಾ, ಸ್ಪಿರಿಟ್, ಥಿನ್ನರ್ ಇವೆಲ್ಲ ಅಕ್ರಿಲಿಕ್‌ಗೆ ಬಿರುಕು ತರಿಸುತ್ತವೆ. ಮೆತ್ತನೆ ಬಟ್ಟೆ, ನೀರು, ಎರಡು ಹನಿ ಸೋಪು ಸಾಕು.

ಕೂರಿಸುವ ಜಾಗ ನೋಡಿ. ನೀರು, ತೊಟ್ಟಿ, ಮರಳು, ಕಲ್ಲು ಎಲ್ಲ ಸೇರಿ 240 ಕೆ.ಜಿ. ಹತ್ತಿರ ಆಗುತ್ತದೆ, ಅದೂ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ಮನೆಯ ಕೋಣೆಗಳ ಆರ್‌ಸಿಸಿ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಬಳಕೆಯ ಭಾರ ಹಿಡಿದು ಲೆಕ್ಕ ಹಾಕಿರುತ್ತಾರೆ. ನೆಲಮಹಡಿಯಾದರೆ ಯೋಚನೆಯೇ ಇಲ್ಲ. ಮೇಲ್ಮಹಡಿಯಾದರೆ ಎರಡು ಬೀಮ್ ಸೇರುವ ಮೂಲೆ ನಿಮ್ಮ ಪುಣ್ಯಕ್ಕೆ ಒಳ್ಳೆಯ ಜಾಗವೇ, ಆದರೂ ಮನೆ ಕಟ್ಟಿದ ಎಂಜಿನಿಯರ್‌ಗೆ ಒಂದು ಫೋನ್ ಮಾಡಿ. ಹಳೆ ಮನೆಯ ಮರದ ಅಟ್ಟ, ಹೊರಗೆ ಚಾಚಿದ ಬಾಲ್ಕನಿ ಎರಡೂ ಬೇಡ. ಸ್ಟ್ಯಾಂಡಿನ ಮೇಲೆ ಪೂರ್ತಿ ಚಪ್ಪಟೆ ಪ್ಲೈವುಡ್, ಅದರ ಮೇಲೆ ತೆಳು ಫೋಮ್ ಶೀಟ್. ಅಕ್ರಿಲಿಕ್ ತಳಕ್ಕೆ ಎಲ್ಲ ಕಡೆಯೂ ಆಸರೆ ಬೇಕು, ಬರೀ ಸುತ್ತಲಿನ ಫ್ರೇಮ್ ಸಾಲದು.

ನೀರು ತುಂಬಿಸಿ ನೋಡುವುದನ್ನು ಮನೆಯೊಳಗೆ ಮಾಡಬೇಡಿ. ಅಂಗಳದಲ್ಲಿ ಅದೇ ಸ್ಟ್ಯಾಂಡಿನ ಮೇಲೆ, ಮೊದಲ ದಿನ ಮೂರರಲ್ಲೊಂದು, ಮರುದಿನ ಮೂರರಲ್ಲೆರಡು, ಆಮೇಲೆ ಪೂರ್ತಿ. ಗೋಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿದು ನಡುವಿನ ಉಬ್ಬು ಎಷ್ಟು ಅಂತ ದಿನಾ ಬರೆದಿಡಿ. ಒಂದೆರಡು ಮಿ.ಮೀ. ಬಂದು ನಿಂತರೆ ಸರಿ. ದಿನದಿಂದ ದಿನಕ್ಕೆ ಏರುತ್ತಲೇ ಇದ್ದರೆ ನೀರು ಖಾಲಿ ಮಾಡಿ. ಒಂದು ವಾರವಾದರೂ ತುಂಬಿಟ್ಟು ನೋಡಿ, ಜಾಯಿಂಟಿನುದ್ದಕ್ಕೂ ಟಿಶ್ಯೂ ಕಾಗದ ಒತ್ತಿದರೆ ಒಂದು ಹನಿ ಜಿನುಗಿದರೂ ಗೊತ್ತಾಗುತ್ತದೆ.

ಖಾಲಿ ಮಾಡಿದ ತೊಟ್ಟಿಯನ್ನು ಬಿಸಿಲಿನಲ್ಲಿ ಒಣಗಲು ಬಿಡಬೇಡಿ. ಅಕ್ರಿಲಿಕ್ ಸ್ವಲ್ಪ ನೀರು ಕುಡಿಯುತ್ತದೆ. ಕುಡಿದ ಮೈ ಒಂದು ಕಡೆಯಿಂದ ದಿಢೀರ್ ಒಣಗಿದರೆ ಮೇಲ್ಮೈ ಕುಗ್ಗಿ ಬಿರುಕು ಬಿಡುತ್ತದೆ. ಬರ್ಲಿನ್‌ನ ಹೋಟೆಲಿನಲ್ಲಿದ್ದ ಅಕ್ವಾಡಾಮ್ ಎಂಬ ದೊಡ್ಡ ಅಕ್ರಿಲಿಕ್ ಕೊಳವೆ ತೊಟ್ಟಿ 2022ರ ಡಿಸೆಂಬರ್ 16ರ ಬೆಳಗಿನ ಜಾವ ಒಡೆದು ಹೋಯಿತಲ್ಲ, ಸುಮಾರು 10 ಲಕ್ಷ ಲೀಟರ್ ನೀರು ಹೊರಗೆ ನುಗ್ಗಿತು. ಅದನ್ನು ಸ್ವಲ್ಪ ಮೊದಲಷ್ಟೇ ಖಾಲಿ ಮಾಡಿ ರಿಪೇರಿ ಮಾಡಿದ್ದರು. ತನಿಖೆಯಲ್ಲಿ ಒಂದೇ ಕಾರಣ ಖಚಿತವಾಗಲಿಲ್ಲ, ಆದರೆ ಜಾಯಿಂಟ್ ಬಿಟ್ಟಿರಬಹುದು ಅನ್ನುವುದೂ, ಖಾಲಿ ಇದ್ದಾಗ ಅಕ್ರಿಲಿಕ್ ಒಣಗಿದ್ದು ಕಾರಣ ಇರಬಹುದು ಅನ್ನುವುದೂ ಪಟ್ಟಿಯಲ್ಲಿದ್ದವು. ನಿಮ್ಮದು 170 ಲೀಟರ್, ಹೆದರಿಸುತ್ತಿಲ್ಲ. ನೆರಳಿನಲ್ಲಿ ಇಡಿ, ಮೇಲೊಂದು ಬಟ್ಟೆ ಮುಚ್ಚಿ, ಅಷ್ಟೇ.

ಪರೀಕ್ಷೆಯಲ್ಲಿ ಎಲ್ಲಾದರೂ ಜಿನುಗಿದರೆ ಏನು? ಹೊರಗಿನಿಂದ ಏನನ್ನೂ ಬಳಿಯಬೇಡಿ. ನೀರು ತೆಗೆದು, ಕೆಲವು ದಿನ ನೆರಳಿನಲ್ಲಿ ಪೂರ್ತಿ ಒಣಗಿಸಿ, ಒಳಗಿನ ಮೂಲೆಯಲ್ಲಿ ಆ ಗಟ್ಟಿ ಅಂಟನ್ನು, 16 ಅಂದೆನಲ್ಲ ಅದನ್ನು, ತೆಳುವಾಗಿ ಎಳೆದು ಮತ್ತೆ ವಾರ ಬಿಟ್ಟು ಪರೀಕ್ಷಿಸಿ. ಸಣ್ಣ ಸೋರಿಕೆಗೆ ಇದು ಸಾಕಾಗುತ್ತದೆ. ಒಂದು ಗೇಣಿಗಿಂತ ಉದ್ದ ಜಾಯಿಂಟ್ ಬೆಳ್ಳಗೆ ಬಿಟ್ಟುಕೊಂಡಿದ್ದರೆ ತೇಪೆ ಹಾಕಬೇಡಿ, ಆ ಬದಿಯನ್ನು ಕತ್ತರಿಸಿ ತೆಗೆದು ಹೊಸ ಅಂಚು ಮಾಡಿ ಮತ್ತೆ ಅಂಟಿಸಿ. ತೊಟ್ಟಿ ಒಂದೆರಡು ಸೆಂ.ಮೀ. ಚಿಕ್ಕದಾಗುತ್ತದೆ. ಆದ್ದರಿಂದ ಸ್ಟ್ಯಾಂಡನ್ನು ತೊಟ್ಟಿಯ ಪರೀಕ್ಷೆ ಮುಗಿಯುವವರೆಗೆ ಸ್ವಲ್ಪ ದೊಡ್ಡದಾಗಿಯೇ ಇಟ್ಟುಕೊಂಡು, ಅಂಚಿನ ಅಲಂಕಾರದ ಪಟ್ಟಿಯನ್ನು ಕೊನೆಗೆ ಹೊಡೆಸಿ.